ಚುಕ್ಕಿಗೆರೆ

ವೇದವಲ್ಲಿ ಮೇಡಂ ತಂದ ಕೆಲಸ ಸಣ್ಣದೇ:
ಒಂದು ನಕ್ಷೆ, ನಾಲ್ಕು ಬಣ್ಣ, ಹತ್ತು ಹದಿನೈದು ಬಾಣ.
"ಭೋಟರಿಗೆ ಕೆಂಪು, ತುರ್ಕರಿಗೆ ನೀಲಿ, ಅರಬರಿಗೆ ಹಸಿರು,
ಚೀನದವರಿಗೆ ಕಪ್ಪು. ಸ್ನೇಹಕ್ಕೆ ಚುಕ್ಕಿಗೆರೆ ಹಾಕಿ, ಮುದ್ದಪ್ಪನವರೇ,
ಯುಗಾದಿಯೊಳಗೆ ಥೀಸಿಸ್ ಕೊಡಬೇಕು."
ಚಾಮರಾಜಪೇಟೆ, ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ಗಿರಣಿ ತಿರುಗಿದರೆ ನನ್ನ ಪಾಮೀರು ನಡುಗುತ್ತದೆ.

ಏಳುನೂರ ಹದಿನೈದು.
ಭೋಟರೂ ಅರಬರೂ ಕೂಡಿ ಫರ್ಗಾನದ ಗಾದಿಗೆ
ತಮಗೆ ಬೇಕಾದವನೊಬ್ಬನನ್ನು ಕೂರಿಸಿದರು.
ಕೆಂಪಿನಿಂದ ಹಸಿರಿಗೆ ಚುಕ್ಕಿ, ಚುಕ್ಕಿ, ಚುಕ್ಕಿ.
ಕೂತ ಗಾದಿ ಬಿಸಿಯಾಗುವ ಮೊದಲೇ
ಚೀನದ ದಂಡು ಬಂತು, ಅವನು ಬೆಟ್ಟಕ್ಕೆ ಓಡಿದ.

ಏಳುನೂರ ಹದಿನೇಳು. ಮೂವರೂ ಸೇರಿ
ಅಕ್ಸು ಪಟ್ಟಣಕ್ಕೆ ಮುತ್ತಿಗೆ. ಪಟ್ಟಣ ಬೀಳಲಿಲ್ಲ.
ಬಿಡಿಸಲು ಬಂದವರಲ್ಲೂ ತುರ್ಕರೇ, ಬೇರೆ ಕುಲದವರು.
"ನೀಲಿಯೊಳಗೆ ಇನ್ನೊಂದು ನೀಲಿ ಬೇಕಲ್ಲ ಮೇಡಂ?"
"ತೆಳು ಮಾಡಿ" ಅಂದರು.
ಶಾಯಿಗೆ ನೀರು ಬೆರೆಸಿದೆ.
ದಾಯಾದಿಗಳು ಎರಡು ಪಾಳೆಯದಲ್ಲಿ ನಿಂತರೆ
ನಡುವೆ ಒಂದು ಹನಿ.

ಆರೇಳು ವರ್ಷಕ್ಕೆ ತುರ್ಕರು ಅರಬರ ಮೇಲೆಯೇ ಬಿದ್ದರು,
ಬೆನ್ನಿಗೆ ಭೋಟರು.
ಟ್ರೇಸಿಂಗ್ ಹಾಳೆಯ ಮೇಲೆ ರಬ್ಬರು ಕೆಲಸಕ್ಕೆ ಬಾರದು.
ಅರ್ಧ ಬ್ಲೇಡು ಹಿಡಿದು ಮೆಲ್ಲಗೆ ಕೆರೆಯಬೇಕು,
ಗಾಯದ ಹಕ್ಕಳೆ ಎಬ್ಬಿಸಿದ ಹಾಗೆ.
ಬಣ್ಣವೇನೋ ಹೋಗುತ್ತದೆ. ಕೆರೆದ ಜಾಗದಲ್ಲಿ
ಮತ್ತೆ ಗೆರೆ ಎಳೆದರೆ ಶಾಯಿ ಹರಡುತ್ತದೆ,
ಅಂಚು ನಿಲ್ಲುವುದಿಲ್ಲ.
ಫರ್ಗಾನವನ್ನು ಐದು ಸಲ ಕೆರೆದೆ. ಅಲ್ಲೀಗ ತೂತು.
ಬೆಳಕಿಗೆ ಹಿಡಿದರೆ
ಎದುರು ಮಹಡಿಯಲ್ಲಿ ಒಣಹಾಕಿದ ಸೀರೆ ಕಾಣುತ್ತದೆ.

ಸಂಜೆ ಇನಾಯತ್ ಬೇಗ್ ಬಂದ,
ರೇಸ್ ಕೋರ್ಸಿನಲ್ಲಿ ಲಾಳ ಕಟ್ಟುವವನು, ಅಪ್ಪನ ಕಾಲದಿಂದ.
"ನಮ್ಮ ಬೇಗ್ ಅನ್ನೋದು ಇಲ್ಲಿಂದಲೇ ಬಂತಂತೆ" ಎಂದು ನೀಲಿಯ ಮೇಲೆ
ಹೆಬ್ಬೆರಳಿಟ್ಟ. ಒಂದು ಸಂಸ್ಥಾನ ಮುಚ್ಚಿಹೋಯಿತು.
"ಇಷ್ಟು ಬಾಣ ಬರೆದಿದ್ದೀರಿ, ಕುದುರೆ ಎಲ್ಲಿ?
ಇಲ್ಲಿಂದ ಅಲ್ಲಿಗೆ ಗೊರಸು ಎಷ್ಟು ಸವೆದಿರಬೇಡ!
ಅದಕ್ಕೆ ಪಕ್ಷ ಗಿಕ್ಷ ಇಲ್ಲ ಸ್ವಾಮಿ,
ಹುರುಳಿ ಹಾಕಿದವನೇ ಖಾನ."

ಕುದುರೆಗೆ ನಾವು ತೇಜಿ ಅಂದೆವಲ್ಲ,
ಅದು ತಾಜಿ, ಅರಬರ ಹೆಸರೇ ಅಂತೆ.
ಭೋಟರೂ ಅವರನ್ನು ತಾಜಿಗ್ ಅಂದರಂತೆ. ಮೇಡಂ ಹೇಳಿದ್ದು.
ಒಪ್ಪಂದವಿಲ್ಲದೆ, ಒತ್ತೆಯಾಳಿಲ್ಲದೆ
ಒಂದು ಹೆಸರು ಎಲ್ಲೆಲ್ಲೋ ಘಟ್ಟ ಹತ್ತಿಳಿದು ಬಂದು
ನಮ್ಮ ಮಾತಿನ ಲಾಯದಲ್ಲಿ ಮೇವು ತಿನ್ನುತ್ತಿದೆ.
ಇನಾಯತ್‌ಗೆ ಹೇಳಿದೆ. ನಕ್ಕು, ಬೀಡಿ ಹಚ್ಚಲು ಹೊರಗೆ ಹೋದ.

ಏಳುನೂರ ಮೂವತ್ತನಾಲ್ಕು.
ಭೋಟರ ಅರಸುಮಗಳನ್ನು ತುರ್ಕರ ಖಾನನಿಗೆ ಕೊಟ್ಟರು.
ಚೀಟಿಯಲ್ಲಿ ಇಷ್ಟೇ, ಒಂದು ಸಾಲು.
ಸೈನ್ಯಕ್ಕೆ ಬಾಣ, ಕೋಟೆಗೆ ಚೌಕ, ಕಣಿವೆಗೆ ಜೋಡಿಗೆರೆ;
ಹಿಮದಲ್ಲಿ ತಿಂಗಳುಗಟ್ಟಲೆ ಹೋದವಳಿಗೆ ಚಿಹ್ನೆಯಿಲ್ಲ.
ನಾಲ್ಕೇ ವರ್ಷಕ್ಕೆ ಖಾನನನ್ನು ಅವನ ಕಡೆಯವರೇ ಕೊಂದರು.
"ಅವಳೇನಾದಳು?"
ಮೇಡಂ ಪೆನ್ನಿನ ಕ್ಯಾಪು ಹಾಕಿದರು, ತೆಗೆದರು, ಹಾಕಿದರು.
"ನನಗೆ ಸಿಕ್ಕಿಲ್ಲ."
ಚುಕ್ಕಿಗೆರೆಯ ಒಂದು ಚುಕ್ಕಿಯನ್ನು ಕೊಂಚ ದಪ್ಪ ಮಾಡಿದೆ.
ಮೇಡಂ ನೋಡಿದರು, ತಿದ್ದಿ ಅನ್ನಲಿಲ್ಲ.

ಕೊನೆಯ ಚೀಟಿ ಎಂಟುನೂರ ಒಂದು.
ದೂರದ ಯುನ್ನಾನಿನಲ್ಲಿ, ಸೋತ ಭೋಟರ ದಂಡಿನೊಳಗೆ
ಸೆರೆಸಿಕ್ಕರಂತೆ ಕೆಲವು ಅರಬರು, ಸಮರಕಂದದವರು.
ಯಾರು ಕಳಿಸಿದ್ದು, ಯಾವ ಸ್ನೇಹದ ಬಾಕಿ,
ಮನೆ ಬಿಟ್ಟು ಎಷ್ಟು ವರ್ಷ?
"ಅದು ನಿಮ್ಮ ಹಾಳೆಗೆ ಬರುವುದಿಲ್ಲ, ಬಿಡಿ" ಅಂದರು ಮೇಡಂ.
ನಿಜ, ಅಂಚಿನಿಂದ ಗೇಣು ದೂರ.

ಅವರು ಹೋದ ಮೇಲೆ, ಕೆಳಗೆ ರಾಗಿ ಬೀಸುತ್ತಿರುವಾಗ,
ಹಾಳೆಯಾಚೆ, ಮೇಜಿನ ಮರದ ಮೇಲೆಯೇ
ಒಂದು ಹಸಿರು ಚುಕ್ಕಿ ಇಟ್ಟೆ.

ನಕ್ಷೆ ಹೋಯಿತು. ಥೀಸಿಸ್ ಮುಗಿದು, ಸಿಹಿಯೂ ಬಂತು.
ಕಾಫಿ ಲೋಟ ಇಡುವಾಗ ಈಗಲೂ
ಸ್ವಲ್ಪ ಸರಿಸಿ ಇಡುತ್ತೇನೆ.